ಒಂದು ದಿನ, 1,610 ಕಿ.ಮೀ.: ನಿಲುಗಡೆಯಲ್ಲಿ ಉಳಿಸಿ, ನಿದ್ದೆಗೆ ಕೊಡಿ

ಅಮೆರಿಕದ ಐರನ್ ಬಟ್ ಅಸೋಸಿಯೇಷನ್ ಮಾನ್ಯ ಮಾಡಿ ಪ್ರಮಾಣಪತ್ರ ಕೊಡುವ ದೂರದ ಬೈಕ್ ಸವಾರಿಗಳಲ್ಲಿ ಮೊದಲ ಮೆಟ್ಟಿಲು ಸ್ಯಾಡಲ್‌ಸೋರ್ 1000. 24 ಗಂಟೆಯೊಳಗೆ 1,000 ಮೈಲಿ, ಅಂದರೆ ಸುಮಾರು 1,610 ಕಿ.ಮೀ. ಓಡಿಸಬೇಕು. ಅದರ ಮೇಲೆ 36 ಗಂಟೆಯಲ್ಲಿ 1,500 ಮೈಲಿಯ ಬನ್ ಬರ್ನರ್ ಇದೆ, ಅದೇ 1,500 ಮೈಲಿಯನ್ನು 24 ಗಂಟೆಗೇ ಮುಗಿಸುವ ಬನ್ ಬರ್ನರ್ ಗೋಲ್ಡ್ ಇದೆ. ಇಲ್ಲಿರುವುದು ಮೊದಲನೆಯದಕ್ಕೆ ಬೇಕಾದ ತಯಾರಿ. ಉಳಿದವುಗಳ ಯೋಚನೆ ಇದು ಸುಸ್ತಿಲ್ಲದೆ ಮುಗಿದ ಮೇಲೆ ಮಾಡಿದರಾಯಿತು.

ಮೊದಲು ಲೆಕ್ಕ. 1,610ನ್ನು 24ರಿಂದ ಭಾಗಿಸಿದರೆ ಗಂಟೆಗೆ 67 ಕಿ.ಮೀ. ಕೇಳಲು ಸಲೀಸು, ಆದರೆ ಪೆಟ್ರೋಲ್, ಊಟ, ಟ್ರಾಫಿಕ್, ಮಳೆ ಎಲ್ಲವೂ ಇದರೊಳಗೇ ಬರಬೇಕು. ಒಳ್ಳೆಯ ಹೆದ್ದಾರಿಯಲ್ಲಿ ಸರಾಸರಿ 90 ಸಿಕ್ಕಿತು ಅಂದುಕೊಳ್ಳಿ, ಚಕ್ರ ತಿರುಗುವ ಸಮಯವೇ 18 ಗಂಟೆ. ಏಳು ನಿಲುಗಡೆ, ಒಂದೊಂದಕ್ಕೆ ಅರ್ಧ ಗಂಟೆ ಹೋದರೆ ಮೂರೂವರೆ ಗಂಟೆ. ಅದೇ ನಿಲುಗಡೆಗೆ 12 ನಿಮಿಷ ಸಾಕು ಮಾಡಿಕೊಂಡರೆ ಒಂದೂವರೆ ಗಂಟೆಯೂ ಆಗುವುದಿಲ್ಲ. ಉಳಿದದ್ದು ಎರಡು ಗಂಟೆಗೂ ಹೆಚ್ಚು. ಈ ಎರಡು ಗಂಟೆಯನ್ನು ಆಕ್ಸಿಲರೇಟರ್ ತಿರುವಿ ಗಳಿಸಬೇಕಾದರೆ ಇಡೀ ದಿನದ ಸರಾಸರಿಯನ್ನು 90ರಿಂದ 102ಕ್ಕೆ ಏರಿಸಬೇಕು. ಸರಾಸರಿ 102 ಅಂದರೆ ಮೀಟರಿನಲ್ಲಿ ಎಷ್ಟು ಕಾಣಿಸಬೇಕಾಗುತ್ತದೆ ಎಂದು ಬೈಕ್ ಓಡಿಸುವವರಿಗೆ ಹೇಳಬೇಕಿಲ್ಲ. ವೇಗಕ್ಕೆ ಕೈ ಹಾಕುವವರು ಮೊದಲು ಬಂಕಿನಲ್ಲಿ ಕಳೆಯುವ ಹೊತ್ತನ್ನು ನೋಡಲಿ. ಅಲ್ಲಿ ಉಳಿಸಿದ ಸಮಯ ಬೇಗ ಮುಗಿಸುವುದಕ್ಕಲ್ಲ, ನಡುವೆ ಮಲಗುವುದಕ್ಕೆ.

ದಾರಿ ಮತ್ತು ರಸೀತಿ

ನಕ್ಷೆಯಲ್ಲಿ ಕನಿಷ್ಠ 1,670ರಿಂದ 1,700 ಕಿ.ಮೀ. ಇರುವ ದಾರಿ ಹಾಕಿಕೊಳ್ಳಿ. ಬೈಕಿನ ಓಡೋಮೀಟರನ್ನು ನಂಬಿ ಕೂರುವಂತಿಲ್ಲ. ಅದು ಶೇ. 3ರಷ್ಟು ಹೆಚ್ಚು ತೋರಿಸುತ್ತಿದ್ದರೆ ಮೀಟರಿನಲ್ಲಿ 1,610 ಬಿದ್ದಾಗ ನಿಜಕ್ಕೂ ಆಗಿರುವುದು 1,563. ದಿನವಿಡೀ ಓಡಿಸಿಯೂ 47 ಕಿ.ಮೀ. ಕಡಿಮೆ.

ಹೊಸಬರಿಗೆ ನೇರ ಹೋಗಿ ನೇರ ಬರುವ ದಾರಿಯೇ ಒಳ್ಳೆಯದು: ಬಂಕುಗಳು ಗೊತ್ತಿರುತ್ತವೆ, ರಾತ್ರಿ ಓಡಿಸುವ ರಸ್ತೆಯನ್ನು ಹಗಲಲ್ಲೇ ನೋಡಿರುತ್ತೀರಿ. ವೃತ್ತಾಕಾರದ ದಾರಿಯಾದರೆ ಪ್ರತಿ ದೊಡ್ಡ ತಿರುವಿನಲ್ಲೂ ಬಂಕಿನದೊಂದು ರಸೀತಿ ಬೇಕು, ಇಲ್ಲದಿದ್ದರೆ ನೀವು ಅಡ್ಡದಾರಿ ಹಿಡಿಯಲಿಲ್ಲ ಎನ್ನುವುದಕ್ಕೆ ಪುರಾವೆಯೇ ಇರುವುದಿಲ್ಲ. ಹೋಗಿ ಬರುವ ದಾರಿಯಲ್ಲಿ ತೀರ ತುದಿಯ ರಸೀತಿ ಅಷ್ಟೇ ಮುಖ್ಯ.

ಗಡಿಯಾರ ಶುರುವಾಗುವುದು ಮೊದಲ ರಸೀತಿಯ ಸಮಯದಿಂದ. ಅದರ ಮೇಲೆ ತಾರೀಖು, ಗಂಟೆ, ಊರು ಮೂರೂ ಇರಬೇಕು. ಬಂಕಿನ ಯಂತ್ರದ ಗಡಿಯಾರ ತಪ್ಪಿರುವುದು, ಪೇಪರ್ ಮುಗಿದಿರುವುದು, ಊರಿನ ಹೆಸರೇ ಅಚ್ಚಾಗದಿರುವುದು ಎಲ್ಲ ಮಾಮೂಲು. ಆದ್ದರಿಂದ ಪಂಪ್ ಬಿಡುವ ಮೊದಲೇ ಓದಿ. ಸರಿಯಿಲ್ಲದಿದ್ದರೆ ಪಕ್ಕದ ಅಂಗಡಿಯಲ್ಲಿ ನೀರಿನ ಬಾಟಲಿ ಕೊಂಡು ಬಿಲ್ ತೆಗೆದುಕೊಳ್ಳಿ. ಈ ರಸೀತಿಗಳ ಅಕ್ಷರ ಬಿಸಿಲಿಗೂ ಬೆವರಿಗೂ ಮಾಸಿಹೋಗುತ್ತದೆ. ಓಡೋಮೀಟರಿನ ಪಕ್ಕ ಹಿಡಿದು ಅಲ್ಲೇ ಒಂದು ಫೋಟೊ ತೆಗೆದು, ಕಾಗದವನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ.

ಬೈಕು

ಸರ್ವೀಸನ್ನು ಹೊರಡುವ ಹಿಂದಿನ ದಿನ ಮಾಡಿಸಬೇಡಿ. ಸಡಿಲ ಬಿಟ್ಟ ಬೋಲ್ಟು, ಸೋರುವ ಆಯಿಲ್ ಸೀಲು ಇಂಥವು ಬಯಲಾಗುವುದೇ ಮೊದಲ 300–500 ಕಿ.ಮೀ.ನಲ್ಲಿ. ಆ ದೂರ ಮನೆಯ ಸುತ್ತಮುತ್ತ ಕಳೆಯಲಿ. ಹೊಸ ಸೀಟು, ಹೊಸ ಹೆಲ್ಮೆಟ್, ಹೊಸ ಬೂಟಿಗೂ ಇದೇ ಮಾತು.

ಚೈನಿನ ವಿಷಯದಲ್ಲಿ ಜನ ಎಡವುವುದು ಬಿಗಿ ಮಾಡಿ. ಸಡಿಲ ಚೈನು ಸದ್ದು ಮಾಡುತ್ತದೆ, ಬಿಗಿ ಚೈನು ಸುಮ್ಮನಿರುತ್ತದೆ, ಹಾಗಾಗಿ ಬಿಗಿಯೇ ಸರಿ ಅನ್ನಿಸುತ್ತದೆ. ಆದರೆ ಸವಾರ ಮತ್ತು ಲಗೇಜಿನ ಭಾರಕ್ಕೆ ಹಿಂದಿನ ಸಸ್ಪೆನ್ಷನ್ ಕುಳಿತಾಗ ಎಷ್ಟೋ ಬೈಕುಗಳಲ್ಲಿ ಚೈನು ಇನ್ನೂ ಬಿಗಿಯಾಗುತ್ತದೆ. ಆ ಎಳೆತವೆಲ್ಲ ಮುಂದಿನ ಸ್ಪ್ರಾಕೆಟ್ ಕೂತಿರುವ ಶಾಫ್ಟಿನ ಬೇರಿಂಗಿಗೆ ಬೀಳುತ್ತದೆ. ಚೈನು ಮೇಲೆ ಕೆಳಗೆ ಆಡುವ ಸಡಿಲ 25–35 ಮಿ.ಮೀ. ಇರಲಿ ಎಂದು ಮ್ಯಾನ್ಯುಯಲ್ ಹೇಳಿದ್ದರೆ 35ರ ಕಡೆಗಿರಲಿ. 500–600 ಕಿ.ಮೀ.ಗೊಮ್ಮೆ, ಚೈನು ಬಿಸಿಯಿದ್ದಾಗ, ಎಂಜಿನ್ ಆಫ್ ಮಾಡಿ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಾ ಒಳಮಗ್ಗುಲಿಗೆ ಲ್ಯೂಬ್ ಹೊಡೆಯಿರಿ. ಮಳೆಯಲ್ಲಿ ಓಡಿಸಿದ್ದರೆ ಇನ್ನೂ ಬೇಗ.

ಟಯರಿನ ಗಾಳಿಯನ್ನು ತಣ್ಣಗಿದ್ದಾಗ, ಲಗೇಜಿನ ಲೆಕ್ಕಕ್ಕೆ ನೋಡಿ. ಹಿಂದಿನ ಟಯರಿನ ತೋಡು 3 ಮಿ.ಮೀ.ಗಿಂತ ಕಡಿಮೆಯಿದ್ದರೆ ಬದಲಿಸಿ. ಟ್ಯೂಬ್‌ಲೆಸ್ ಆದರೆ ಪಂಕ್ಚರ್ ಕಿಟ್ ಮತ್ತು ಬ್ಯಾಟರಿಗೆ ಸಿಕ್ಕಿಸುವ ಪುಟ್ಟ ಕಂಪ್ರೆಸರ್, ಟ್ಯೂಬ್ ಆದರೆ ಎರಡು ಟ್ಯೂಬು ಮತ್ತು ಟಯರ್ ಬಿಚ್ಚುವ ಲಿವರುಗಳು. ಜೊತೆಗೆ ಫ್ಯೂಸುಗಳು, ಕ್ಲಚ್ ಕೇಬಲ್, ಅರ್ಧ ಲೀಟರ್ ಆಯಿಲ್. ಗಾಳಿಯಿಂದ ತಣಿಯುವ ಎಂಜಿನ್ ಗಂಟೆಗಟ್ಟಲೆ ಒಂದೇ ವೇಗದಲ್ಲಿ ಕೂಗಿದರೆ ಆಯಿಲ್ ತಿನ್ನಬಹುದು, ಎರಡು ಬಂಕಿಗೊಮ್ಮೆ ಮಟ್ಟ ನೋಡಿ.

ದಾರಿ ತೋರಿಸುವ ಫೋನ್ ಹ್ಯಾಂಡಲಿನ ಮೇಲಿದ್ದರೆ ನಡುಕ ತಡೆಯುವ ಮೌಂಟ್ ಹಾಕಿ. ಎಂಜಿನ್ನಿನ ಕಂಪನದಿಂದ ಕ್ಯಾಮೆರಾ ಕೆಡಬಹುದು ಎಂದು ಆಪಲ್ ಸಂಸ್ಥೆಯೇ 2021ರಲ್ಲಿ ಎಚ್ಚರಿಸಿತ್ತು.

ಮೈ

ಕುಂಡಿ ನೋವಿಗೆ ಎಲ್ಲರೂ ಸೀಟನ್ನು ಬೈಯುತ್ತಾರೆ. ಅರ್ಧ ತಪ್ಪು ಒಳಉಡುಪಿನದು. ಹತ್ತಿ ಬಟ್ಟೆ ಬೆವರು ಕುಡಿದು ಒದ್ದೆಯಾಗಿಯೇ ಇರುತ್ತದೆ, ಹೊಲಿಗೆಯ ಗೆರೆ ಚರ್ಮವನ್ನು ಉಜ್ಜುತ್ತದೆ. ಕೂರುವ ಜಾಗದಲ್ಲಿ ಹೊಲಿಗೆಯಿಲ್ಲದ, ಬೇಗ ಒಣಗುವ ಸಿಂಥೆಟಿಕ್ ಶಾರ್ಟ್ಸ್ ಹಾಕಿ. ಅರ್ಧ ಗಂಟೆಗೊಮ್ಮೆ ದಾರಿ ಖಾಲಿಯಿದ್ದಾಗ ಫುಟ್‌ಪೆಗ್ ಮೇಲೆ ಭಾರ ಹಾಕಿ ಕೆಲವು ಕ್ಷಣ ಸೊಂಟ ಎತ್ತಿ.

ಕಿವಿಗೆ ಫೋಮ್ ಪ್ಲಗ್ ಕಡ್ಡಾಯ. ಹೆದ್ದಾರಿ ವೇಗದಲ್ಲಿ ಹೆಲ್ಮೆಟ್ಟಿನೊಳಗಿನ ಗಾಳಿಸದ್ದು 100 ಡೆಸಿಬೆಲ್ ಆಸುಪಾಸು ಮುಟ್ಟುತ್ತದೆ. ಸಂಜೆಗೆ ತಲೆ ಭಾರವಾಗುವುದಕ್ಕೆ ಇದೂ ಕಾರಣ. ಪ್ಲಗ್ಗನ್ನು ಬತ್ತಿಯಂತೆ ಹೊಸೆದು, ಇನ್ನೊಂದು ಕೈಯಿಂದ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತೂರಿಸಿ, ಉಬ್ಬುವವರೆಗೆ ಬೆರಳಿಟ್ಟು ಹಿಡಿಯಿರಿ.

ನೀರನ್ನು ಬೆನ್ನಿನ ಚೀಲದ ಕೊಳವೆಯಿಂದ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಮೂತ್ರ ಕಡು ಹಳದಿ ಇದ್ದರೆ ಕುಡಿದದ್ದು ಸಾಲದು. ಬಿಸಿಗಾಳಿ 37 ಡಿಗ್ರಿ ದಾಟಿದರೆ ಜಾಕೆಟ್ ಬಿಚ್ಚಿಟ್ಟು ಓಡಿಸಿದಷ್ಟೂ ಮೈ ಒಣಗುತ್ತದೆ. ಒಳಗಿನ ಅಂಗಿ ನೆನೆಸಿ, ಜಾಕೆಟ್ಟಿನ ಕಿಂಡಿ ಸ್ವಲ್ಪವೇ ತೆರೆದಿಡಿ. ಹೊಟ್ಟೆ ತುಂಬ ಊಟ ಬೇಡ, ಎರಡು ಮೂರು ಗಂಟೆಗೊಮ್ಮೆ ಬಾಳೆಹಣ್ಣು, ಕಡಲೆ, ಬ್ರೆಡ್ಡಿನಂಥದ್ದು ಸಾಕು.

ಬಂಕಿನ 12 ನಿಮಿಷ

ಕೆಲಸದ ಕ್ರಮ ಒಮ್ಮೆಯೂ ಬದಲಾಗಬಾರದು. ಪೆಟ್ರೋಲ್, ರಸೀತಿ, ಓದುವುದು, ಫೋಟೊ, ಲಾಗ್ ಪುಸ್ತಕದಲ್ಲಿ ಮೀಟರ್ ಮತ್ತು ಸಮಯ. ಆಮೇಲೆ ಪಂಪಿನಿಂದ ಬೈಕ್ ಪಕ್ಕಕ್ಕೆ ತಂದು ಶೌಚ, ತಿಂಡಿ, ನೀರಿನ ಚೀಲ ತುಂಬಿಸುವುದು, ಟಯರು ಚೈನುಗಳ ಮೇಲೊಂದು ಕಣ್ಣು, ವೈಸರ್ ಒರೆಸುವುದು. ಗ್ಲೌಸ್ ಯಾವಾಗಲೂ ಒಂದೇ ಜಾಗದಲ್ಲಿ, ಕೀಲಿ ಒಂದೇ ಜೇಬಿನಲ್ಲಿ. ಕೀಲಿ ಹುಡುಕುವುದಕ್ಕೇ ಐದು ನಿಮಿಷ ಬೇಕಾಯಿತೆಂದರೆ ಅದು ಮರೆವಲ್ಲ, ಆಯಾಸ. ಟ್ಯಾಂಕ್ ಲೆಕ್ಕ ಹಾಕುವಾಗ ಊರೊಳಗಿನ ಮೈಲೇಜನ್ನು ನೆಚ್ಚಬೇಡಿ. ಲಗೇಜು, ಎದುರುಗಾಳಿ ಸೇರಿ ಎಷ್ಟು ಕೊಡುತ್ತದೆಂದು ಮೊದಲೇ 500 ಕಿ.ಮೀ. ಓಡಿಸಿ ನೋಡಿ.

ನಿದ್ದೆ

ಬೆಳಗಿನ 4ಕ್ಕೆ ಹೊರಡುವುದು ಒಳ್ಳೆಯ ಹೊತ್ತು. ಹಗಲು ಪೂರ್ತಿ ಸಿಗುತ್ತದೆ, ಕತ್ತಲು ಕೊನೆಗೆ ಉಳಿಯುತ್ತದೆ. ಅದಕ್ಕೆ ಮೂರು ದಿನ ಮೊದಲಿಂದಲೇ ರಾತ್ರಿ 8ಕ್ಕೆ ಮಲಗುವ ಅಭ್ಯಾಸ ಆಗಬೇಕು. ಆದರೂ 3ಕ್ಕೆ ಎದ್ದವರಿಗೆ ರಾತ್ರಿ 8ರ ಹೊತ್ತಿಗೆ 17 ಗಂಟೆ ಎಚ್ಚರವಾಗಿರುತ್ತದೆ. ಅಷ್ಟು ಹೊತ್ತು ನಿದ್ದೆಗೆಟ್ಟವರ ಚುರುಕು ರಕ್ತದಲ್ಲಿ ಶೇ. 0.05 ಮದ್ಯ ಇದ್ದವರಷ್ಟಕ್ಕೆ ಇಳಿಯುತ್ತದೆ ಎಂದು ಅಧ್ಯಯನಗಳು ತೋರಿಸಿವೆ. ಬಂಕಿನಲ್ಲಿ ಉಳಿಸಿದ ಸಮಯ ಖರ್ಚಾಗಬೇಕಾದದ್ದು ಇಲ್ಲಿ: ಮಧ್ಯಾಹ್ನ 2ರಿಂದ 4ರ ನಡುವೆ 20 ನಿಮಿಷ, ಕತ್ತಲಾದ ಮೇಲೆ 90 ನಿಮಿಷ, ಎರಡೂ ಅಲಾರಂ ಇಟ್ಟು. ನಡುವಿನ 45–60 ನಿಮಿಷದ ನಿದ್ದೆ ಬೇಡ, ಗಾಢ ನಿದ್ದೆಯಿಂದ ಎದ್ದರೆ ಮಂಪರು ಬೇಗ ಬಿಡುವುದಿಲ್ಲ. ಇಷ್ಟು ಮಲಗಿಯೂ ರಾತ್ರಿ ಎರಡರ ಹೊತ್ತಿಗೆ ಮುಗಿಸಬಹುದು.

ಕಾಫಿಯನ್ನು ಒಂದು ವಾರ ಮೊದಲೇ ಕಡಿಮೆ ಮಾಡಿದರೆ ಆ ದಿನ ಕೆಲಸಕ್ಕೆ ಬರುತ್ತದೆ. ಕುಡಿದ 20–30 ನಿಮಿಷಕ್ಕೆ ಏರುವುದರಿಂದ, ಮಧ್ಯಾಹ್ನದ್ದನ್ನು ಕುಡಿದ ಕೂಡಲೇ ಮಲಗಿ.

ವೇಗ ಒಂದೇ ಸಮ ಇರದೆ ಏರಿಳಿಯುವುದು, ಇಂಡಿಕೇಟರ್ ಆರಿಸಲು ಮರೆಯುವುದು, ಎದುರು ಬಂದ ಗಾಡಿಗೆ ಲೈಟ್ ಡಿಮ್ ಮಾಡಲು ತಡವಾಗುವುದು, ಮುಂದಿನ ಬಂಕಿನಲ್ಲಿ ನಿಲ್ಲಬೇಕೋ ಬೇಡವೋ ಎಂದು ತೀರ್ಮಾನಕ್ಕೇ ಬರಲಾಗದಿರುವುದು: ಇವುಗಳಲ್ಲಿ ಎರಡು ಕಂಡರೆ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ. 90ರ ವೇಗದಲ್ಲಿ ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 75 ಮೀಟರ್ ಯಾರೂ ಓಡಿಸದ ಬೈಕು. ವೈಸರ್ ಎತ್ತುವುದು, ಹಾಡು ಜೋರು ಮಾಡುವುದು ಯಾವುದೂ ಇದಕ್ಕೆ ಮದ್ದಲ್ಲ. ಪ್ರಮಾಣಪತ್ರ ಇನ್ನೊಂದು ವಾರ ಸಿಗುತ್ತದೆ.

ಮುಗಿದ ಕೂಡಲೇ ಕೊನೆಯ ರಸೀತಿ ಮೊದಲು, ಫೋಟೊ ಮತ್ತು ಫೋನ್ ಕರೆ ಆಮೇಲೆ. ಆ ರಸೀತಿ ಸಿಕ್ಕ ಊರಲ್ಲೇ ಮಲಗುವ ವ್ಯವಸ್ಥೆ ಮೊದಲೇ ಮಾಡಿಟ್ಟಿರಿ. ಮನೆ ಇನ್ನು 60 ಕಿ.ಮೀ. ತಾನೆ ಎಂದು ಹೊರಡಬೇಡಿ, ಗುರಿ ಮುಟ್ಟಿದ ಗಳಿಗೆಯಿಂದಲೇ ಮೈ ಬಿಗಿ ಸಡಿಲಿಸುತ್ತದೆ.