ಕಳೆದುಹೋದ ‘ಗರ್ಲ್ ರಿಪೋರ್ಟರ್’: ಮೂಕಿ ಚಿತ್ರದ ಜಾಡು ಹಿಡಿಯುವುದು ಹೇಗೆ?

ಸಿನಿಮಾ ಹುಡುಕಬೇಡಿ, ಕಾಗದ ಹುಡುಕಿ. ಕಳೆದುಹೋದ ಮೂಕಿ ಚಿತ್ರದ ಬಗ್ಗೆ ಬರೆಯಬೇಕು ಅನ್ನುವವರಿಗೆ ನಾನು ಮೊದಲು ಹೇಳೋದು ಇದನ್ನೇ. ರೀಲು ಸಿಕ್ಕರೆ ಅದೃಷ್ಟ. ಆದರೆ ಚಿತ್ರ ಬಿಡುಗಡೆಯಾದ ವಾರ ಅಚ್ಚಾದ ಜಾಹೀರಾತು, ಕಥಾಸಾರ, ವಿಮರ್ಶೆ, ಸಣ್ಣ ಊರಿನ ಪತ್ರಿಕೆಯ ಮೂರು ಸಾಲು ಎಷ್ಟೋ ಸಲ ಉಳಿದಿರುತ್ತವೆ. ಮನೆಯಲ್ಲೇ ಕೂತು ಓದಬಹುದು, ದುಡ್ಡೂ ಬೇಡ.

ನಾನು ಹುಬ್ಬಳ್ಳಿಯಲ್ಲಿ ಪತ್ರಿಕೆಯ ಡೆಸ್ಕ್‌ನಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಫಲಪುಷ್ಪ ಪ್ರದರ್ಶನ, ಮಹಿಳಾ ಮಂಡಳದ ವಾರ್ಷಿಕೋತ್ಸವ ಬಿಟ್ಟರೆ ಬೇರೆ ವರದಿಗೆ ನನ್ನನ್ನು ಕಳಿಸಿದವರಿಲ್ಲ. ಹಾಗಿರುವಾಗ 1910ರಲ್ಲೇ ಅಮೆರಿಕದಲ್ಲಿ ‘ದಿ ಗರ್ಲ್ ರಿಪೋರ್ಟರ್’ ಅಂತ ಒಂದು ಕಿರುಚಿತ್ರ ಬಂದಿತ್ತು, ಅದರ ಪ್ರತಿ ಈಗ ಇಲ್ಲ ಅಂತ ಗೊತ್ತಾದರೆ ಸುಮ್ನೆ ಕೂರೋಕಾಗುತ್ತಾ? ಅದನ್ನೇ ಮುಂದಿಟ್ಟುಕೊಂಡು ದಾರಿ ಹೇಳುತ್ತೇನೆ.

ಮೊದಲು ಕಂಪನಿ ಯಾವುದು ಅಂತ ನೋಡಿ. ಆ ಕಾಲದಲ್ಲಿ ಚಿತ್ರಕ್ಕೆ ನಟನ ಹೆಸರಿಗಿಂತ ಕಂಪನಿಯ ಹೆಸರೇ ಗುರುತು. ‘ದಿ ಗರ್ಲ್ ರಿಪೋರ್ಟರ್’ ತೆಗೆದದ್ದು ತಾನ್‌ಹೌಸರ್ ಕಂಪನಿ. ಎಡ್ವಿನ್ ತಾನ್‌ಹೌಸರ್ ನಾಟಕರಂಗದಿಂದ ಬಂದವರು. 1909ರಲ್ಲಿ ನ್ಯೂಯಾರ್ಕ್ ಪಕ್ಕದ ನ್ಯೂ ರೊಶೆಲ್‌ನಲ್ಲಿ ಸ್ಟುಡಿಯೋ ಶುರು ಮಾಡಿದರು. ಮೊದಲ ಚಿತ್ರ ಬಂದದ್ದು 1910ರ ಮಾರ್ಚ್‌ನಲ್ಲಿ. ಸಿನಿಮಾ ಯಂತ್ರಗಳ ಪೇಟೆಂಟ್ ಕೈಯಲ್ಲಿದ್ದ ಎಡಿಸನ್ ಮತ್ತಿತರರು ಸೇರಿ ಕಟ್ಟಿಕೊಂಡಿದ್ದ ಕೂಟಕ್ಕೆ ಇವರು ಸೇರಿದವರಲ್ಲ. ಇದು ಹುಡುಕುವವರಿಗೆ ಬಹಳ ಮುಖ್ಯ. ಆಗಿನ ಸಿನಿಮಾ ವಾರಪತ್ರಿಕೆಗಳು ಕೂಟದ ಚಿತ್ರಗಳಿಗೆ ಒಂದು ಪಟ್ಟಿ, ಸ್ವತಂತ್ರರಿಗೆ ಇನ್ನೊಂದು ಪಟ್ಟಿ ಹಾಕುತ್ತಿದ್ದವು. ಮೊದಲ ಪಟ್ಟಿಯಲ್ಲಿ ತಡಕಾಡಿದರೆ ಇಡೀ ದಿನ ಹೋದರೂ ಇವರ ಚಿತ್ರ ಸಿಗೋದಿಲ್ಲ.

ಈಗ ಕಂಪ್ಯೂಟರ್ ತೆಗೆಯಿರಿ. ಮೀಡಿಯಾ ಹಿಸ್ಟರಿ ಡಿಜಿಟಲ್ ಲೈಬ್ರರಿ ಅನ್ನೋ ಉಚಿತ ಸಂಗ್ರಹವಿದೆ. ಅದರ ಹುಡುಕು ಯಂತ್ರದ ಹೆಸರು ಲ್ಯಾಂಟರ್ನ್. 1907ರಲ್ಲಿ ಶುರುವಾದ ‘ದಿ ಮೂವಿಂಗ್ ಪಿಕ್ಚರ್ ವರ್ಲ್ಡ್’ ವಾರಪತ್ರಿಕೆ ಅಲ್ಲಿ ಪುಟಪುಟವಾಗಿ ಸಿಗುತ್ತದೆ. ಚಿತ್ರದ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ, ವರ್ಷವನ್ನು ಬಿಗಿ ಮಾಡಿ. ಸಿಗಲಿಲ್ಲವಾ? ಕಂಪನಿಯ ಹೆಸರನ್ನು ತಪ್ಪಾಗಿ ಬರೆದು ನೋಡಿ. ತಾನ್‌ಹೌಸರ್ ಹೆಸರಿನ ಇಂಗ್ಲಿಷ್ ಕಾಗುಣಿತದ (Thanhouser) ನಡುವಿನ ‘o’ ಜಾಗಕ್ಕೆ ‘a’ ಹಾಕಿ ಅಚ್ಚು ಮಾಡಿದವರು ಆ ಕಾಲದಲ್ಲೇ ಇದ್ದರು. ಸಾಲದ್ದಕ್ಕೆ, ಮಾಸಿದ ಅಚ್ಚನ್ನು ಯಂತ್ರ ಓದುವಾಗ ಇನ್ನಷ್ಟು ಅಕ್ಷರ ಕೆಡುತ್ತವೆ. ಪ್ರೂಫ್ ತಿದ್ದಿದವರಿಗೆ ಇದು ಸುಲಭ: ಯಾವ ಅಕ್ಷರ ಯಾವುದಾಗಿ ಕಾಣುತ್ತೆ ಅಂತ ಕಣ್ಣಿಗೇ ಗೊತ್ತಿರುತ್ತದೆ. ಅಷ್ಟಾದರೂ ಸಿಗದಿದ್ದರೆ ಯಂತ್ರ ಬಿಟ್ಟು, ಬಿಡುಗಡೆಯ ಆಸುಪಾಸಿನ ಸಂಚಿಕೆಗಳನ್ನು ಒಂದೊಂದೇ ಪುಟ ತಿರುವಿ.

ಒಂದೇ ಚಿತ್ರದ ಬಗ್ಗೆ ಒಂದೇ ಪತ್ರಿಕೆಯಲ್ಲಿ ಮೂರು ಬಗೆಯ ಬರಹ ಸಿಗುತ್ತದೆ. ಹೊಸಬರು ಇವನ್ನು ಕಲಸಿಬಿಡುತ್ತಾರೆ. ಉದ್ದನೆಯ ಕಥಾಸಾರ ಕಂಪನಿಯವರೇ ಕಳಿಸಿದ್ದು. ನಮ್ಮ ಡೆಸ್ಕ್‌ಗೆ ಬರುತ್ತಿದ್ದ ಪತ್ರಿಕಾ ಪ್ರಕಟಣೆ ಇದ್ದ ಹಾಗೆ: ಕಾರ್ಯಕ್ರಮ ಆಗುವ ಮೊದಲೇ ‘ಯಶಸ್ವಿಯಾಗಿ ಜರುಗಿತು’ ಅಂತ ಬರೆದಿರುತ್ತಿತ್ತು! ಕಥಾಸಾರದಲ್ಲಿ ನಾಯಕಿಯ ಮನಸ್ಸಿನ ಮಾತೆಲ್ಲ ಇರುತ್ತದೆ. ಪರದೆಯ ಮೇಲೆ ಅದು ಇತ್ತು ಅಂತ ಹೇಗೆ ಹೇಳೋದು? ಎರಡನೆಯದು ವಿಮರ್ಶೆ. ಕೆಲವೇ ಸಾಲು, ಬೇರೆ ಪುಟ. ಆದರೆ ಅದನ್ನು ಬರೆದವನು ಕತ್ತಲಲ್ಲಿ ಕೂತು ಚಿತ್ರ ನೋಡಿದವನು. ‘ಆಫೀಸಿನ ಸೆಟ್ ಚೆನ್ನಾಗಿದೆ’ ಅಂತ ಅವನು ಬರೆದರೆ ಅಲ್ಲೊಂದು ಸೆಟ್ ಇತ್ತು, ಅಷ್ಟು ಖಚಿತ. ಮೂರನೆಯದು ಬಿಡುಗಡೆಯ ಪಟ್ಟಿ: ದಿನಾಂಕ, ಬಗೆ, ಉದ್ದ. ನನ್ನ ಲೆಕ್ಕದಲ್ಲಿ ನಂಬಿಕೆಗೆ ಮೊದಲು ಪಟ್ಟಿ, ಆಮೇಲೆ ವಿಮರ್ಶೆ, ಕೊನೆಗೆ ಕಥಾಸಾರ. ಎಷ್ಟೋ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ಕಥಾಸಾರ ಓದೋಕೆ ಚೆಂದ ಅಲ್ವಾ, ಅದಕ್ಕೆ.

ಉದ್ದದ ಅಂಕಿಯನ್ನು ಸುಮ್ಮನೆ ದಾಟಬೇಡಿ. 35 ಎಂಎಂ ಫಿಲ್ಮಿನಲ್ಲಿ ಒಂದು ಅಡಿಗೆ 16 ಚೌಕಟ್ಟು (ಫ್ರೇಮ್). ಒಂದು ರೀಲು ಅಂದರೆ ಹೆಚ್ಚೆಂದರೆ 1000 ಅಡಿ, ಅಂದರೆ 16,000 ಚೌಕಟ್ಟು. ಸೆಕೆಂಡಿಗೆ 16ರಂತೆ ಓಡಿಸಿದರೆ 1000 ಸೆಕೆಂಡು, ಹದಿನಾರೂವರೆ ನಿಮಿಷದ ಸುಮಾರು. ಕೈಯಲ್ಲಿ ಹಿಡಿಕೆ ತಿರುಗಿಸುತ್ತಿದ್ದ ಕಾಲ, ಹಾಗಾಗಿ ಹೆಚ್ಚುಕಮ್ಮಿ ಆಗುತ್ತದೆ. ಅಷ್ಟರೊಳಗೆ ಕಥಾಸಾರದಲ್ಲಿರುವ ಅಷ್ಟೂ ದೃಶ್ಯ ಹಿಡಿಸುತ್ತವಾ ಅಂತ ಒಮ್ಮೆ ಲೆಕ್ಕ ಹಾಕಿ. ಉತ್ಪ್ರೇಕ್ಷೆ ಎಲ್ಲಿದೆ ಅಂತ ಸುಳಿವು ಸಿಗುತ್ತದೆ.

ಊರಿನ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಇದೆ. ಅದೂ ಉಚಿತ. ಟಾಕೀಸಿನ ಜಾಹೀರಾತು ನೋಡಿ, ಬಿಡುಗಡೆಯಾಗಿ ತಿಂಗಳುಗಳ ನಂತರದ್ದನ್ನೂ ಬಿಡಬೇಡಿ. ಪ್ರತಿಗಳು ಊರಿಂದ ಊರಿಗೆ ಸುತ್ತುತ್ತಾ ನಿಧಾನಕ್ಕೆ ತಲುಪುತ್ತಿದ್ದವು.

ಹೆಣ್ಣು ವರದಿಗಾರ್ತಿಯ ಚಿತ್ರವಾದ್ದರಿಂದ ಒಂದು ಮಾತು. ಆಗಿನ ಪ್ರೇಕ್ಷಕರಿಗೆ ಈ ಪಾತ್ರ ಹೊಸದಲ್ಲ. 1887ರಲ್ಲಿ ಅಮೆರಿಕದ ವರದಿಗಾರ್ತಿ ನೆಲ್ಲಿ ಬ್ಲೈ ಹುಚ್ಚಿಯಂತೆ ನಟಿಸಿ ಆಸ್ಪತ್ರೆ ಸೇರಿ, ಒಳಗಿನ ಕ್ರೌರ್ಯವನ್ನು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಬಯಲು ಮಾಡಿದ್ದರು. 1889ರಲ್ಲಿ ಹೊರಟು 72 ದಿನದಲ್ಲಿ ಭೂಮಿ ಸುತ್ತಿ ಬಂದರು. ಅದಕ್ಕೂ ಮೊದಲು ಪಿಟ್ಸ್‌ಬರ್ಗ್‌ನ ಪತ್ರಿಕೆಯವರು ಅವರನ್ನೂ ಮಹಿಳಾ ಪುಟಕ್ಕೆ ತಳ್ಳಿದ್ದರು, ನನಗೇನೂ ಆಶ್ಚರ್ಯವಾಗಲಿಲ್ಲ ಬಿಡಿ. ಇಂಥ ಹಿನ್ನೆಲೆ ಬರೆಯಿರಿ. ಆದರೆ ‘ಈ ಚಿತ್ರ ನೆಲ್ಲಿ ಬ್ಲೈಯನ್ನೇ ಕುರಿತದ್ದು’ ಅಂತ ಆಧಾರವಿಲ್ಲದೆ ಗಂಟು ಹಾಕಬೇಡಿ.

ಹೆಸರುಗಳ ಗೊಂದಲವೂ ಜಾಸ್ತಿ. ವರದಿಗಾರ್ತಿಯರ ಚಿತ್ರಗಳು ಆ ದಶಕದಲ್ಲಿ ಬೇಕಾದಷ್ಟು ಬಂದವು. 1914ರಲ್ಲಿ ಎಡಿಸನ್ ಕಂಪನಿ ನಟಿ ಮೇರಿ ಫುಲ್ಲರ್ ಅವರನ್ನು ಹಾಕಿಕೊಂಡು ‘ಡಾಲಿ ಆಫ್ ದಿ ಡೈಲೀಸ್’ ಅನ್ನೋ ಸರಣಿಯನ್ನೇ ತೆಗೆಯಿತು. ಅದರ ಐದನೇ ಕಂತು ‘ದಿ ಚೈನೀಸ್ ಫ್ಯಾನ್’ ನ್ಯೂಜಿಲೆಂಡ್‌ನಲ್ಲಿ ಸಿಕ್ಕಿತು. 2010ರಲ್ಲಿ ಸುದ್ದಿಯಾದ ಸುಮಾರು 75 ಅಮೆರಿಕನ್ ಚಿತ್ರಗಳ ಆ ರಾಶಿಯಲ್ಲಿ ಇದೂ ಇತ್ತು. ಅಪಹರಣಕಾರರಿಂದ ಸಂಪಾದಕನ ಮಗಳನ್ನು ಡಾಲಿ ಬಿಡಿಸಿಕೊಂಡು ಬರುತ್ತಾಳೆ, ಸುದ್ದಿಯನ್ನೂ ಹೊಡೆಯುತ್ತಾಳೆ. ಕಳೆದುಹೋದ ಚಿತ್ರದ ಬಗ್ಗೆ ಬರೆಯುವ ಮೊದಲು ಉಳಿದಿರುವ ಇಂಥದ್ದೊಂದನ್ನು ನೋಡಿ. ಟೈಪಿಂಗ್ ಯಂತ್ರ ಎಲ್ಲಿಡುತ್ತಿದ್ದರು, ಸಂಪಾದಕ ಹೇಗೆ ಕೈ ಬೀಸುತ್ತಿದ್ದ ಅನ್ನೋದೆಲ್ಲ ಕಣ್ಣಿಗೆ ಕಟ್ಟುತ್ತದೆ.

ನಟರ ಹೆಸರಿನ ವಿಷಯದಲ್ಲಿ ಕೈ ಬಿಗಿ ಹಿಡಿಯಿರಿ. 1910ರಲ್ಲಿ ಹೆಚ್ಚಿನ ಕಂಪನಿಗಳು ತಾರಾಗಣ ಪ್ರಕಟಿಸುತ್ತಿರಲಿಲ್ಲ. ಇಂಟರ್‌ನೆಟ್‌ನಲ್ಲಿ ಸಿಗುವ ಹೆಸರಿಗೆ ಅಂದಿನ ಕಾಗದದ ಬೆಂಬಲ ಇಲ್ಲದಿದ್ದರೆ ಬಿಟ್ಟುಬಿಡಿ.

‘ಸ್ಟುಡಿಯೋ ಸುಟ್ಟು ಚಿತ್ರ ಹೋಯಿತು’ ಅಂತ ಒಂದೇ ಸಾಲಿನಲ್ಲಿ ಮುಗಿಸುವ ಚಾಳಿಯೂ ಇದೆ. 1913ರ ಜನವರಿ 13ರಂದು ನ್ಯೂ ರೊಶೆಲ್‌ನ ಸ್ಟುಡಿಯೋಗೆ ಬೆಂಕಿ ಬಿದ್ದದ್ದು ನಿಜ. ಆದರೆ ಚಿತ್ರದ ಪ್ರತಿಗಳು ಅಷ್ಟರಲ್ಲಿ ದೇಶವೆಲ್ಲ ಸುತ್ತಿ ಸವೆದಿದ್ದವು. ಆ ಕಾಲದ ನೈಟ್ರೇಟ್ ಫಿಲ್ಮು ತಾನಾಗೇ ಕೊಳೆಯುತ್ತದೆ, ಅದರಲ್ಲಿರುವ ಬೆಳ್ಳಿ ತೆಗೆಯಲೆಂದು ಕರಗಿಸಿದವರೂ ಇದ್ದರು. ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಹೊರತಂದ ಅಧ್ಯಯನದ ಪ್ರಕಾರ, 1912ರಿಂದ 1929ರವರೆಗಿನ ಸುಮಾರು 11,000 ಪೂರ್ಣ ಉದ್ದದ ಅಮೆರಿಕನ್ ಮೂಕಿ ಚಿತ್ರಗಳಲ್ಲಿ ಮೂಲ ರೂಪದಲ್ಲಿ ಉಳಿದದ್ದು ಶೇ. 14. ಒಂದು ರೀಲಿನ ಚಿತ್ರಗಳು ಆ ಲೆಕ್ಕದಲ್ಲೇ ಇಲ್ಲ.

ನಮ್ಮಲ್ಲೂ ಇದೇ ಪಾಡು. 1934ರ ‘ಸತಿ ಸುಲೋಚನಾ’, ಕನ್ನಡದ ಮೊದಲ ವಾಕ್ಚಿತ್ರ, ಅದರ ಪ್ರತಿ ಉಳಿದಿಲ್ಲ. ಅದನ್ನು ಹುಡುಕುವವರಿಗೂ ‘ತಾಯಿನಾಡು’, ‘ವಿಶ್ವಕರ್ನಾಟಕ’ದಂಥ ಅಂದಿನ ಪತ್ರಿಕೆಗಳೇ ಗತಿ.

ಕೊನೆಗೆ ರೀಲಿನ ವಿಚಾರ. ತಾನ್‌ಹೌಸರ್ ಮೊಮ್ಮಗ ನೆಡ್ ತಾನ್‌ಹೌಸರ್ ಅವರ ಸಂಸ್ಥೆ ಉಳಿದ ಚಿತ್ರಗಳನ್ನು ಜಗತ್ತಿನ ಬೇರೆಬೇರೆ ಸಂಗ್ರಹಾಲಯಗಳಿಂದ ಒಟ್ಟುಗೂಡಿಸಿ ಇಂಟರ್‌ನೆಟ್‌ನಲ್ಲಿ ಇಟ್ಟಿದೆ. ಮೊದಲು ಅಲ್ಲಿ ನೋಡಿ. ಆಮೇಲೆ ಸಂಗ್ರಹಾಲಯಗಳಿಗೆ ಮೇಲ್ ಹಾಕಿ. ಬರೀ ಚಿತ್ರದ ಹೆಸರು ಬರೆದರೆ ಪ್ರಯೋಜನ ಕಡಿಮೆ. ಹಳೆಯ ರೀಲುಗಳ ಮೊದಲೂ ಕೊನೆಯೂ ಎಷ್ಟೋ ಸಲ ಹರಿದುಹೋಗಿರುತ್ತವೆ, ವಿದೇಶದ ಪ್ರತಿಯಾದರೆ ಹೆಸರೂ ಬೇರೆ ಭಾಷೆಯಲ್ಲಿರುತ್ತದೆ. ಹಾಗಾಗಿ ಕಂಪನಿ, ವರ್ಷ, ಉದ್ದ, ವಿಮರ್ಶಕ ಕಂಡ ಒಂದೆರಡು ದೃಶ್ಯ ಬರೆಯಿರಿ. ಹೆಸರಿಲ್ಲದ ಡಬ್ಬಿಯನ್ನು ಗುರುತಿಸೋಕೆ ಅವರಿಗೆ ಬೇಕಾದದ್ದು ಅದೇ. ಯಾರಿಗೆ, ಯಾವಾಗ ಬರೆದಿರಿ, ಏನು ಉತ್ತರ ಬಂತು ಅನ್ನೋದನ್ನು ನಿಮ್ಮ ಲೇಖನದ ಅಡಿಯಲ್ಲೇ ಹಾಕಿ. ಮುಂದೆ ಹುಡುಕುವವರು ಆಗ ಉಳಿದ ಸಂಗ್ರಹಾಲಯಗಳಿಂದ ಶುರು ಮಾಡಬಹುದು.