ಅಪ್ಪಯ್ಯನಿಲ್ಲದ ಗದ್ದೆಯ ಚಿತ್ರ

ಅಪ್ಪಯ್ಯ ತೀರಿಕೊಂಡ ವರ್ಷದ ಆಷಾಢದಲ್ಲಿ ಊರಿನ ಗದ್ದೆಯ ಜಲವರ್ಣ ಚಿತ್ರ ಬರೆಯಲು ಕೂತೆ. ಮಳೆಗಾಲದ ಬೆಳಗ್ಗೆ ತಲೆ-ಬೆನ್ನು ಮುಚ್ಚುವ ಗೊರಬು ಹೊದ್ದು, ಗುದ್ದಲಿ ಹೆಗಲಿಗೇರಿಸಿ ಹೋಗಿ ಗದ್ದೆಯಂಚಿನ ಕಂಡಿ ಬಿಡಿಸಿ, ಹೆಚ್ಚಾದ ನೀರನ್ನು ಹಳ್ಳಕ್ಕೆ ಹರಿಸುವುದು ಅವರ ನಿತ್ಯದ ಕೆಲಸವಾಗಿತ್ತು. ಮೊದಲ ಚಿತ್ರದಲ್ಲಿ ಅದನ್ನೆಲ್ಲ ತುಂಬಿದೆ. ಕಪ್ಪು ಮೋಡ, ಗಾಳಿಗೆ ಬಾಗಿದ ಅಡಿಕೆ ಮರ, ದೂರದಲ್ಲಿ ಗೊರಬು ಹೊದ್ದ ಒಂಟಿ ಆಕೃತಿ. ಮುಗಿಸಿ ಗೋಡೆಗೊರಗಿಸಿ ನೋಡಿದರೆ ದುಃಖದ ಸಾಮಾನುಗಳೆಲ್ಲ ಅಲ್ಲಿದ್ದವು, ನನಗಾಗುತ್ತಿದ್ದ ಸಂಕಟ ಮಾತ್ರ ಇರಲಿಲ್ಲ.

ಆಗ ನೆನಪಾದವರು ಚಿತ್ರಕಾರ ರಾಮ್ ಕುಮಾರ್. 1950ರ ದಶಕದಲ್ಲಿ ಅವರು ಬರೆಯುತ್ತಿದ್ದದ್ದು ನಗರದ ಖಿನ್ನ ಮುಖಗಳನ್ನು. 1960ರ ಸುಮಾರಿಗೆ ಎಂ.ಎಫ್. ಹುಸೇನರ ಜೊತೆ ಕಾಶಿಗೆ ಹೋಗಿ ಬಂದ ಮೇಲೆ ಅವರ ಕ್ಯಾನ್ವಾಸಿನಿಂದ ಮನುಷ್ಯರು ಮರೆಯಾದರು. ಕಾಲಿಡಲು ಜಾಗವಿಲ್ಲದಷ್ಟು ಜನವಿರುವ ಊರು ಅದು. ನಾನು ನೋಡಿದ ಚಿತ್ರಗಳಲ್ಲಿ ಇರುವುದು ಒಂದಕ್ಕೊಂದು ಒತ್ತಿಕೊಂಡ ಬೂದು, ಕಂದು ಮನೆಗಳು, ಕೆಳಗೆ ನೀರು. ಚಿತೆಯಿಲ್ಲ, ಅಳುವವರಿಲ್ಲ, ಆದರೂ ಎದೆ ಭಾರವಾಗುತ್ತದೆ.

ಡಚ್ ಚಿತ್ರಕಾರ ವ್ಯಾನ್ ಗೋನ ಗೋಧಿಹೊಲದ ಕಾಗೆಗಳ ಚಿತ್ರವನ್ನೂ ಮತ್ತೆ ತೆರೆದು ನೋಡಿದೆ. 1890ರ ಜುಲೈ ತಿಂಗಳದು. ಅಗಲ ಸುಮಾರು ಒಂದು ಮೀಟರ್, ಎತ್ತರ ಅದರರ್ಧ. ಆಕಾಶ ಕಡುನೀಲಿ, ಹೊಲ ಉರಿಯುವ ಹಳದಿ, ನಡುವಿನ ದಾರಿ ಎಲ್ಲಿಗೂ ಮುಟ್ಟದೆ ಹೊಲದಲ್ಲೇ ಕಳೆದುಹೋಗುತ್ತದೆ. ಆ ದಿನಗಳಲ್ಲಿ ತಮ್ಮನ ಮನೆಗೆ ಬರೆದ ಪತ್ರದಲ್ಲಿ, ಕಲಕಿದ ಆಕಾಶದ ಕೆಳಗಿನ ಗೋಧಿಹೊಲಗಳಲ್ಲಿ ದುಃಖವನ್ನೂ ಕಡು ಒಂಟಿತನವನ್ನೂ ಹೇಳಲು ಯತ್ನಿಸಿದೆ ಎಂದಿದ್ದಾನೆ. ಹಳ್ಳಿಗಾಡು ಮನುಷ್ಯನಿಗೆ ಕೊಡುವ ಆರೋಗ್ಯ, ಬಲ ಕೂಡ ಅದೇ ಚಿತ್ರಗಳಲ್ಲಿ ಕಾಣುತ್ತದೆಂದು ಅಲ್ಲೇ ಸೇರಿಸಿದ್ದಾನೆ. ಈ ಎರಡನೆಯ ಮಾತನ್ನು ನಾವು ಮರೆತೇ ಬಿಡುತ್ತೇವೆ. ಕಟ್ಟಿಹೋಗಿದ್ದ ನನ್ನ ಕೈಯನ್ನು ಬಿಡಿಸಿದ್ದು ಅದೇ.

ಮೊದಲು ಹಾಳೆಯ ಆಕಾರ ಬದಲಿಸಿದೆ. 22×30 ಇಂಚಿನ ಹಾಳೆಯನ್ನು ಉದ್ದಕ್ಕೆ ಸೀಳಿ 11×30 ಮಾಡಿಕೊಂಡೆ. ಅಷ್ಟು ಅಡ್ಡಗಲದ ಚಿತ್ರದಲ್ಲಿ ಕಣ್ಣಿಗೆ ಒಂದು ಕಡೆ ನೆಲೆ ಸಿಗುವುದಿಲ್ಲ, ಅಂಚಿನಿಂದ ಅಂಚಿಗೆ ಹುಡುಕುತ್ತಲೇ ಇರುತ್ತದೆ. ಅಪ್ಪಯ್ಯ ಹೋದ ಮೇಲೆ ಚಾವಡಿಯಲ್ಲಿ ಕೂತು ನಾನು ಗದ್ದೆ ನೋಡುತ್ತಿದ್ದದ್ದು ಹಾಗೆಯೇ. ಕ್ಷಿತಿಜವನ್ನು ತೀರ ಮೇಲಕ್ಕೆ, ಎರಡೇ ಇಂಚು ಬಿಟ್ಟು ಇಟ್ಟೆ. ಮೋಡ ಬರೆಯುವ ಆಸೆಗೆ ಜಾಗವೇ ಉಳಿಯಲಿಲ್ಲ. ಆಕಾಶವೆಲ್ಲ ಗದ್ದೆಯ ನೀರಿನೊಳಗೆ ಬಂತು.

ಮಲೆನಾಡಿನ ಹಸಿರಿನ ಜೊತೆ ಗುದ್ದಾಡದ ಚಿತ್ರಕಾರರಿಲ್ಲ. ಟ್ಯೂಬಿನ ಹಸಿರು ಹಚ್ಚಿದರೆ ಕ್ಯಾಲೆಂಡರ್ ಚಿತ್ರವಾಗುತ್ತದೆ. ಅಲ್ಟ್ರಾಮರೀನ್ ನೀಲಿಗೆ ಮಣ್ಣುಹಳದಿಯಾದ ಯೆಲ್ಲೋ ಓಕರ್ ಬೆರೆಸಿದೆ. ಆ ನೀಲಿಯಲ್ಲಿ ಕೆಂಪಿನ ಛಾಯೆ ಇರುವುದರಿಂದ ಹಸಿರು ಮಂಕಾಗುತ್ತದೆ, ಪಾಚಿ ಹಿಡಿದ ಧರೆಯ ಹಾಗೆ. ಅದೇ ನೀಲಿಗೆ ಕೆಂಗಂದು ಬಣ್ಣದ ಬರ್ನ್ಟ್ ಸಿಯೆನ್ನಾ ಸೇರಿಸಿ ನೀರಿನ ಬೂದು. ಕಪ್ಪು ಬಣ್ಣ ಮುಟ್ಟಲಿಲ್ಲ. ಹೊಳೆಯುವ ಹಸಿರನ್ನು ಲೆಮನ್ ಯೆಲ್ಲೋ ಹಾಕಿ ಒಂದೇ ಕಡೆ ಇಟ್ಟೆ, ಎಡಮೂಲೆಯ ಸಸಿಮಡಿಯಲ್ಲಿ. ಅಪ್ಪಯ್ಯ ಹೋದ ವರ್ಷವೂ ಅಗೆ ಅಷ್ಟೇ ಚೆನ್ನಾಗಿ ಬಂದಿತ್ತು. ಅದನ್ನು ನೋಡುವುದೇ ನನಗೆ ಎಲ್ಲಕ್ಕಿಂತ ಕಷ್ಟವಾಗಿದ್ದದ್ದು.

ಉಳಿದದ್ದನ್ನು ಮಳೆಯೇ ಮಾಡಿತು. ಆಷಾಢದ ತೇವದಲ್ಲಿ 300 ಜಿಎಸ್‌ಎಂ ದಪ್ಪ ಕಾಗದ ಒಣಗುವುದೇ ಇಲ್ಲ. ಬೆಂಗಳೂರಿನ ಬೇಸಿಗೆಯಲ್ಲಿ ಹತ್ತು ನಿಮಿಷಕ್ಕೆ ಆರುವ ವಾಶ್, ಅಂದರೆ ತೆಳು ಬಣ್ಣದ ಪದರ, ಇಲ್ಲಿ ಗಂಟೆಯಾದರೂ ಹಸಿ. ಮರದ ಗೆರೆ ಎಳೆದರೆ ಅದು ನಿಧಾನವಾಗಿ ಹರಡಿ ಕಾನಿನೊಳಗೆ ಕರಗುತ್ತಿತ್ತು. ನೀಲಿಯ ಕಣಗಳು ಕಾಗದದ ತಗ್ಗುಗಳಲ್ಲಿ ಇಳಿದು ಕೂತು ಸಣ್ಣ ಮಳೆಯಂತೆ ಕಂಡವು. ಮೊದಲ ದಿನ ಹೇರ್ ಡ್ರೈಯರ್ ಹಿಡಿದು ಅವಸರಪಟ್ಟಿದ್ದೆ, ಆಮೇಲೆ ಸುಮ್ಮನೆ ಕಾಯುತ್ತ ಕೂತೆ.

ಅಪ್ಪಯ್ಯನ ಆಕೃತಿಯನ್ನು ಬರೆಯಲೇ ಇಲ್ಲ. ಅದರ ಬದಲು ಗದ್ದೆಗಳ ನಡುವಿನ ಅಂಚಿನ ಮೇಲೆ ಕಾಗದದ ಬಿಳಿಯನ್ನೇ ಒಂದು ಎಳೆಯಷ್ಟು ಬಿಟ್ಟೆ, ನೀರು ಅಂಚು ಮೀರಿ ಉಕ್ಕುವಂತೆ.

ಚಿತ್ರ ಜಗಲಿಯಲ್ಲಿ ಆರಲೆಂದು ಇಟ್ಟಿದ್ದೆ. ಅಮ್ಮ ಕೊಟ್ಟಿಗೆಯಿಂದ ಬಂದವರು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಸ್ವಲ್ಪ ಹೊತ್ತು ನಿಂತು ನೋಡಿದರು.

"ಕಂಡಿ ಬಿಡಿಸಲಿಕ್ಕೆ ಯಾರೂ ಹೋಗಲಿಲ್ವೇನೇ?" ಅಂದರು.