ಹಳೆಯ ಪಂಚೆಯಿಂದ ಕೂಸಿಗೆ ಒರೆಸು ಬಟ್ಟೆ

ಮಗಳು ಬಾಣಂತನಕ್ಕೆಂದು ಮೈಸೂರಿನ ನಮ್ಮ ಮನೆಗೆ ಬಂದಾಗ ಅವಳ ಚೀಲದಲ್ಲಿ ಕೂಸಿನ ಅಂಗಿಗಳಿಗಿಂತ ಹೆಚ್ಚಾಗಿ ಇದ್ದದ್ದು ಬೇಬಿ ವೈಪ್ಸ್, ಅಂದರೆ ಕೂಸಿನ ಮೈ ಒರೆಸುವ ಒದ್ದೆ ಹಾಳೆಗಳ ಪೊಟ್ಟಣಗಳು. ಅವು ತಿಂಗಳೊಳಗೆ ಮುಗಿದು, ಮತ್ತೆ ತರಿಸಿ, ಅವೂ ಮುಗಿಯುತ್ತ ಬಂದಾಗ ನಾನು ಕ್ಯಾಲೆಂಡರಿನ ಹಿಂಬದಿಯಲ್ಲಿ ಲೆಕ್ಕ ಹಾಕಿದೆ. ಒಂದು ಹಾಳೆಗೆ ಎರಡು ರೂಪಾಯಿ, ದಿನಕ್ಕೆ ಹತ್ತು ಹಾಳೆ ಎಂದು ಹಿಡಿದರೆ ತಿಂಗಳಿಗೆ 600 ರೂಪಾಯಿ. ಮಗು ತಾನಾಗಿ ಬಚ್ಚಲಿಗೆ ಹೋಗಲು ಕಲಿಯುವವರೆಗೆ, ಅಂದರೆ ಸುಮಾರು ಎರಡು ವರ್ಷಕ್ಕೆ, 14,400 ರೂಪಾಯಿ. ಬೀರುವಿನ ತಳದಲ್ಲಿ ಮಡಿಸಿಟ್ಟಿದ್ದ ಯಜಮಾನರ ಹಳೆಯ ಪಂಚೆಗಳ ನೆನಪು ನನಗೆ ಬಂದದ್ದು ಆಗಲೇ. ಆದರೆ ಪಂಚೆಗೆ ಕತ್ತರಿ ಹಾಕುವುದಕ್ಕೆ ಮೊದಲು ನಾನೂ ಒಂದು ತಪ್ಪು ಮಾಡಿದೆ. ಈ ಬರಹದ ಮುಖ್ಯ ಮಾತು ಆ ತಪ್ಪಿನಿಂದಲೇ ಹುಟ್ಟಿದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ಮನೆಯಲ್ಲೇ ವೈಪ್ಸ್ ಮಾಡುವ ವಿಧಾನವನ್ನು ಕೇಳಿದರೆ ಬಹುಪಾಲು ಜನ ಹೇಳುವುದು ಒಂದೇ: ಅಡುಗೆಮನೆಯ ಟಿಶ್ಯೂ ಸುರುಳಿಯನ್ನು ಅರ್ಧಕ್ಕೆ ಕತ್ತರಿಸಿ ಡಬ್ಬಿಯಲ್ಲಿ ನಿಲ್ಲಿಸಿ, ಬಿಸಿನೀರಿಗೆ ಮಕ್ಕಳ ಶಾಂಪೂ ಮತ್ತು ಮಕ್ಕಳ ಎಣ್ಣೆ ಬೆರೆಸಿ ಅದರ ಮೇಲೆ ಸುರಿದು, ಮುಚ್ಚಳ ಹಾಕಿಟ್ಟು ಬೇಕಾದಾಗ ಎಳೆದುಕೊಳ್ಳುವುದು. ನಾನೂ ಹಾಗೆಯೇ ಮಾಡಿದೆ. ಆಷಾಢದ ದಿನಗಳು, ಚಾಮುಂಡಿ ಬೆಟ್ಟದ ಕಡೆಯಿಂದ ಸಣ್ಣಗೆ ಜಿನುಗು ಮಳೆ. ನಾಲ್ಕನೆಯ ದಿನ ಮುಚ್ಚಳ ತೆಗೆದಾಗ ಮುಗ್ಗುಲು ವಾಸನೆ ಬಂತು, ಸುರುಳಿಯ ಒಳಪದರದಲ್ಲಿ ಕಪ್ಪು ಚುಕ್ಕೆಗಳು ಕಂಡವು. ನೀರನ್ನು ಕುದಿಸಿಯೇ ಹಾಕಿದ್ದೆನಲ್ಲ ಎಂದು ಮೊದಲು ಗೊಂದಲವಾಯಿತು. ಕುದಿಸಿದ ನೀರು ಕೈ ಸೋಕುವವರೆಗೆ ಮಾತ್ರ ಶುದ್ಧ. ಪ್ರತಿ ಸಲ ಬೆರಳು ಹಾಕಿ ಹಾಳೆ ಎಳೆದಾಗಲೂ ಒಂದಿಷ್ಟು ಸೂಕ್ಷ್ಮಾಣುಗಳು ಒಳಗೆ ಸೇರುತ್ತವೆ, ತೇವ ಮತ್ತು ಬೆಚ್ಚನೆಯ ಹವೆಯಲ್ಲಿ ಅವು ಬೆಳೆಯುತ್ತವೆ, ಕಣ್ಣಿಗೆ ಚುಕ್ಕೆ ಕಾಣುವುದಕ್ಕೆ ಎಷ್ಟೋ ಮುಂಚೆಯೇ ಬೆಳೆದಿರುತ್ತವೆ.

ಅಂಗಡಿಯ ವೈಪ್ಸ್ ತಿಂಗಳುಗಟ್ಟಲೆ ಕೆಡದಿರುವುದಕ್ಕೆ ಅದರಲ್ಲಿರುವ ಸಂರಕ್ಷಕಗಳು ಕಾರಣ. ಅವುಗಳನ್ನು ನಾವೇ ತರಿಸಿ ಅಂದಾಜಿನ ಮೇಲೆ ಬೆರೆಸುವುದು ಸಲ್ಲದು. ಒಂದು ಕಾಲಕ್ಕೆ ಒದ್ದೆ ವೈಪ್ಸ್‌ಗಳಲ್ಲಿ ಧಾರಾಳವಾಗಿ ಬಳಸುತ್ತಿದ್ದ ಮೀಥೈಲ್‌ಐಸೋಥಿಯಾಜೋಲಿನೋನ್ ಎಂಬ ಸಂರಕ್ಷಕ ಹಲವರಿಗೆ ಚರ್ಮದ ಅಲರ್ಜಿ ತಂದದ್ದರಿಂದ, ತೊಳೆಯದೆ ಮೈಮೇಲೆ ಉಳಿಯುವ ಪ್ರಸಾಧನಗಳಲ್ಲಿ ಅದನ್ನು ಬಳಸದಂತೆ ಯುರೋಪಿನ ಒಕ್ಕೂಟ 2017ರಿಂದ ನಿಷೇಧಿಸಿತು. ಅಳತೆ ಬಲ್ಲ ಕಾರ್ಖಾನೆಗಳಿಗೇ ಹೀಗಾದ ಮೇಲೆ ನಮ್ಮ ಚಮಚದ ಅಳತೆಯನ್ನು ನಂಬುವ ಹಾಗಿಲ್ಲ. ಆದ್ದರಿಂದ ನಾನು ಹಿಡಿದಿರುವ ಕ್ರಮ ಇಷ್ಟೇ: ಬಟ್ಟೆ ಒಣಗಿಯೇ ಇರಬೇಕು, ನೀರು ಬೇರೆಯೇ ಇರಬೇಕು, ಇವೆರಡೂ ಕೂಡುವುದು ಒರೆಸುವ ಕ್ಷಣದಲ್ಲಿ, ನಮ್ಮ ಅಂಗೈಯಲ್ಲಿ. ಹಣ ಉಳಿಯುವುದು ಬಟ್ಟೆಯಿಂದಲೇ ಹೊರತು ದ್ರಾವಣದಿಂದ ಅಲ್ಲ.

ಬಟ್ಟೆಯ ಆಯ್ಕೆಗೆ ಬರೋಣ. ಹತ್ತಾರು ಬಾರಿ ಒಗೆದು ಮೆತ್ತಗಾದ ಹತ್ತಿಯ ಪಂಚೆ, ಮಲ್ಮಲ್ ಬಟ್ಟೆ, ಅಂಚು ತೆಗೆದ ನೂಲಿನ ಸೀರೆ ಇವು ಶ್ರೇಷ್ಠ. ಪಾಲಿಯೆಸ್ಟರ್ ಬೆರೆತ ಬಟ್ಟೆ ನೀರನ್ನು ಹೀರುವುದಿಲ್ಲ, ಮಲವನ್ನು ಒರೆಸುವ ಬದಲು ಸವರುತ್ತದೆ. ಗುರುತಿಸುವುದು ಸುಲಭ: ಬಟ್ಟೆಯ ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದರೆ ಹಳೆಯ ಹತ್ತಿಯಲ್ಲಿ ಅದು ಒಡನೆಯೇ ಹರಡುತ್ತದೆ, ಮಿಶ್ರ ನೂಲಿನಲ್ಲಿ ಮಣಿಯಂತೆ ಕೂರುತ್ತದೆ. ಹೊಸ ಬಟ್ಟೆಯನ್ನೇ ಕೊಳ್ಳಬೇಕಾದರೆ ಬಿಳಿಯ ಮಲ್ಮಲ್ ಸಾಕು. ಆದರೆ ಅದರ ಗಂಜಿ ಹೋಗಿ ಹೀರುವ ಗುಣ ಬರಲು ಮೂರು ನಾಲ್ಕು ಬಾರಿಯಾದರೂ ಬಿಸಿನೀರಿನಲ್ಲಿ ಒಗೆಯಬೇಕಾಗುತ್ತದೆ. ಹೊಸ ಬಟ್ಟೆಗೆ ದುಡ್ಡು ಕೊಟ್ಟರೆ ಉಳಿತಾಯ ಅಷ್ಟರ ಮಟ್ಟಿಗೆ ಕಡಿಮೆ ಎಂಬುದೂ ನೆನಪಿರಲಿ.

ಒಂದು ತುಂಡು 20 ಸೆಂಟಿಮೀಟರ್ ಚೌಕ, ಅಂದರೆ ಸುಮಾರು ಎಂಟು ಅಂಗುಲ, ಇರಲಿ. ಅದಕ್ಕಿಂತ ಚಿಕ್ಕದಾದರೆ ಬೆರಳಿಗೆ ಹೊಲಸು ತಗಲುತ್ತದೆ, ದೊಡ್ಡದಾದರೆ ಒಣಗಲು ತಡವಾಗುತ್ತದೆ. ಎರಡು ಮೀಟರ್ ಉದ್ದ, ಒಂದೂಕಾಲು ಮೀಟರ್ ಅಗಲದ ಪಂಚೆಯಲ್ಲಿ ಇಂಥ 60 ತುಂಡುಗಳು ಬರುತ್ತವೆ. ತೆಳುವಾದ ಬಟ್ಟೆಯಾದ್ದರಿಂದ ಎರಡೆರಡನ್ನು ಜೋಡಿಸಿ ಹೊಲಿದರೆ 30 ಒರೆಸು ಬಟ್ಟೆಗಳಾಗುತ್ತವೆ. ದಿನ ಬಿಟ್ಟು ದಿನ ಒಗೆಯುವ ಮನೆಯಾದರೆ ಹೀಗೆ ಹೊಲಿದ 40 ಒರೆಸು ಬಟ್ಟೆಗಳಾದರೂ ಬೇಕು, ಆದ್ದರಿಂದ ಎರಡು ಪಂಚೆಗಳನ್ನು ಒಟ್ಟಿಗೇ ಕತ್ತರಿಸುವುದು ಒಳ್ಳೆಯದು.

ಅಂಚನ್ನು ಹೊಲಿಯದೆ ಹಾಗೆಯೇ ಬಿಡಬಾರದು. ಇದು ಅಂದಕ್ಕಾಗಿ ಹೇಳುವ ಮಾತಲ್ಲ. ಬಿಚ್ಚಿಕೊಂಡ ಒಂದು ಎಳೆ ಕೂಸಿನ ಕಾಲ್ಬೆರಳಿಗೋ ಗಂಡುಮಗುವಿನ ಜನನಾಂಗಕ್ಕೋ ಸುತ್ತಿಕೊಂಡು ಬಿಗಿದರೆ ಆ ಭಾಗಕ್ಕೆ ರಕ್ತ ಹರಿಯುವುದು ನಿಂತು ಊದಿಕೊಳ್ಳುತ್ತದೆ. ಕಾರಣ ಹೊಳೆಯದೆ ಮಗು ಅಳುತ್ತಲೇ ಇರುತ್ತದೆ. ನಮ್ಮ ಬೀದಿಯ ದರ್ಜಿಯವರು ಓವರ್‌ಲಾಕ್ ಯಂತ್ರದಲ್ಲಿ ಎಲ್ಲ ತುಂಡುಗಳನ್ನೂ ಅರ್ಧ ಗಂಟೆಯಲ್ಲಿ ಮುಗಿಸಿಕೊಟ್ಟರು. ಅಂಚಿನ ನೂಲಿಗೆ ಎರಡು ಬಣ್ಣ ಹೇಳಿ: ಕೆಂಪು ನೂಲಿನವು ಕೆಳಭಾಗಕ್ಕೆ, ನೀಲಿ ನೂಲಿನವು ಬಾಯಿ, ಕತ್ತು, ಕೈಗಳಿಗೆ. ಎಷ್ಟೇ ಕುದಿಸಿ ಒಗೆದರೂ ಇವು ಅದಲುಬದಲಾಗಕೂಡದು. ಹೊಲಿದು ಬಂದ ಬಟ್ಟೆಗಳನ್ನು ಒಮ್ಮೆ ಹತ್ತು ನಿಮಿಷ ಕುದಿಸಿ, ಬಿಸಿಲಿನಲ್ಲಿ ಒಣಗಿಸಿ, ಮುಚ್ಚಳವಿರುವ ಒಣ ಡಬ್ಬಿಯಲ್ಲಿ ಮಡಿಸಿಟ್ಟುಕೊಳ್ಳಿ.

ನೀರಿನ ವಿಷಯ ಸರಳ. ಬೆಳಗ್ಗೆ ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ, ಅರ್ಧವನ್ನು ತೊಳೆದ ಫ್ಲಾಸ್ಕಿಗೆ ತುಂಬಿ, ಉಳಿದರ್ಧವನ್ನು ಮುಚ್ಚಿದ ಸ್ಟೀಲ್ ಪಾತ್ರೆಯಲ್ಲಿ ಆರಲು ಬಿಡಿ. ಬಟ್ಟೆ ಬದಲಿಸುವ ಹೊತ್ತಿಗೆ ಎರಡನ್ನೂ ಚಿಕ್ಕ ಬಟ್ಟಲಿನಲ್ಲಿ ಬೆರೆಸಿಕೊಂಡರೆ ಹದವಾದ ಬಿಸಿ ಸಿಗುತ್ತದೆ. ಫ್ಲಾಸ್ಕಿನ ನೀರು ಗಂಟೆಗಳಾದರೂ ಸುಡುವಷ್ಟು ಬಿಸಿ ಇರುತ್ತದೆಂಬ ಎಚ್ಚರಿಕೆಯಿಂದ ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿದ ಮೇಲೆಯೇ ಬಟ್ಟೆ ಅದ್ದಬೇಕು. ಬಟ್ಟಲಿನಲ್ಲಿ ಉಳಿದ ನೀರನ್ನು ಗಿಡಕ್ಕೆ ಹಾಕಿಬಿಡಿ, ಮತ್ತೆ ಬಳಸಬೇಡಿ.

ನೀರಿಗೆ ಏನು ಬೆರೆಸಬೇಕು ಎಂಬ ಪ್ರಶ್ನೆ ಎಲ್ಲರದೂ ಆಗಿರುವುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಏನನ್ನೂ ಬೆರೆಸಬೇಡಿ. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಅದರ ಪಿಎಚ್ (ಆಮ್ಲ-ಕ್ಷಾರದ ಅಳತೆ, 7 ಎಂದರೆ ತಟಸ್ಥ, ಅದಕ್ಕಿಂತ ಕಡಿಮೆಯಾದರೆ ಆಮ್ಲೀಯ) ಸುಮಾರು 5.5, ಆಗತಾನೆ ಹುಟ್ಟಿದ ಕೂಸಿನ ಚರ್ಮ ತಟಸ್ಥ ಮಟ್ಟಕ್ಕೆ ಹತ್ತಿರವಿದ್ದು, ಮುಂದಿನ ಕೆಲವು ವಾರಗಳಲ್ಲಿ ನಿಧಾನವಾಗಿ ಆ ಮಟ್ಟಕ್ಕೆ ಇಳಿಯುತ್ತದೆ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10, ಅಡುಗೆ ಸೋಡಾದ್ದು 8ನ್ನು ದಾಟುತ್ತದೆ. ಇವುಗಳಿಂದ ದಿನಕ್ಕೆ ಹತ್ತು ಸಲ ಒರೆಸಿದರೆ ಚರ್ಮವನ್ನು ಕಾಯುವ ಆ ತೆಳುವಾದ ಆಮ್ಲೀಯ ಪದರ ಕೂಡಿಕೊಳ್ಳುವುದಕ್ಕೇ ಅವಕಾಶವಿರುವುದಿಲ್ಲ. ಶ್ರೀಗಂಧದ ಊರಿನವರಾದ ನಮಗೆ ಎರಡು ಹನಿ ಗಂಧದೆಣ್ಣೆ ಹಾಕಿದರೇನು ಎಂದು ಅನಿಸುವುದು ಸಹಜ, ಆದರೆ ಸುವಾಸನೆ ಯಾವುದಾದರೂ ಎಳೆಯ ಚರ್ಮಕ್ಕೆ ಅದು ಅನಗತ್ಯ ಹೊರೆ. ನೀಲಗಿರಿ ತೈಲ ಮತ್ತು ಕರ್ಪೂರವಂತೂ ಕೂಸುಗಳಿಗೆ ಅಪಾಯಕಾರಿ. ಬಚ್ಚಲಿನ ಗೋಡೆಗೂಡಿನಲ್ಲಿರುವ ನಂಜುನಾಶಕ ದ್ರಾವಣವನ್ನು ಒಂದು ಮುಚ್ಚಳ ಸುರಿಯುವ ಅಭ್ಯಾಸ ನಮ್ಮ ಕಡೆ ಇದೆ, ಅದನ್ನೂ ಬಿಡಬೇಕು. ಬೋರಿಕ್ ಪುಡಿಯನ್ನು ಹಿಂದೆ ಕೂಸುಗಳ ತೊಡೆಸಂದಿಗೆ ಹಚ್ಚುತ್ತಿದ್ದರು, ಕೆಂಪಾಗಿ ಸುಲಿದ ಚರ್ಮದ ಮೂಲಕ ಅದು ದೇಹಕ್ಕೆ ಸೇರಿ ವಿಷವಾದದ್ದುಂಟು.

ಕೊಬ್ಬರಿ ಎಣ್ಣೆಗೆ ಮಾತ್ರ ಒಂದು ಜಾಗವಿದೆ, ಅದೂ ನೀರಿನೊಳಗಲ್ಲ. ಎಣ್ಣೆ ನೀರಿನಲ್ಲಿ ಬೆರೆಯದೆ ಮೇಲೆ ತೇಲುವುದರಿಂದ ಮೊದಲ ತುಂಡಿಗೆ ಪೂರ್ತಿ ಎಣ್ಣೆ, ಉಳಿದವಕ್ಕೆ ಬರಿಯ ನೀರು ಎಂಬಂತಾಗುತ್ತದೆ. ಹುಟ್ಟಿದ ಮೊದಲ ಎರಡು ಮೂರು ದಿನ ಹೋಗುವ, ಡಾಂಬರಿನಂತೆ ಕಪ್ಪಗೆ ಅಂಟಿಕೊಳ್ಳುವ ಮಲಕ್ಕೆ ಒಣ ಬಟ್ಟೆಯ ತುದಿಯಲ್ಲಿ ಎರಡು ಹನಿ ಎಣ್ಣೆ ಹಾಕಿ ಮೆಲ್ಲಗೆ ಒರೆಸಿ, ಆಮೇಲೆ ಬೆಚ್ಚನೆಯ ನೀರಿನ ಬಟ್ಟೆ ಬಳಸಿದರೆ ಉಜ್ಜುವ ಪ್ರಮೇಯವೇ ಬರುವುದಿಲ್ಲ.

ಒರೆಸುವ ಮುಂಚೆ ಮತ್ತು ಆಮೇಲೆ ಕೈಗಳನ್ನು ಸಾಬೂನಿನಿಂದ ತೊಳೆದುಕೊಳ್ಳಬೇಕು. ಹೆಣ್ಣುಮಗುವಾದರೆ ಯಾವಾಗಲೂ ಮುಂದಿನಿಂದ ಹಿಂದಕ್ಕೆ ಒರೆಸಬೇಕು, ಇಲ್ಲವಾದರೆ ಮಲದ ಸೋಂಕು ಮೂತ್ರದ ದಾರಿಗೆ ಏರುತ್ತದೆ. ಗಂಡುಮಗುವಿನ ಮುಂದೊಗಲನ್ನು ಹಿಂದಕ್ಕೆ ಎಳೆಯಲೇಬಾರದು. ಒರೆಸಿದ ಮೇಲೆ ಒಣ ತುಂಡೊಂದರಿಂದ ತೊಡೆಯ ಮಡಿಕೆಗಳನ್ನು ಒತ್ತಿ ತೇವ ತೆಗೆಯುವುದನ್ನು ಮರೆಯಬೇಡಿ. ಕೆಂಪು ಗುಳ್ಳೆಗಳು ಮೂರು ದಿನವಾದರೂ ಇಳಿಯದಿದ್ದರೆ, ಕೀವು ಕಂಡರೆ, ಜ್ವರ ಬಂದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು ಒಗೆಯುವುದು. ಬಟ್ಟೆಯ ವೈಪ್ಸ್ ಶುರುಮಾಡಿ ಬಿಟ್ಟುಬಿಟ್ಟವರೆಲ್ಲ ಬೇಸತ್ತದ್ದು ಇಲ್ಲಿಯೇ, ಆದ್ದರಿಂದ ಕ್ರಮವನ್ನು ಮೊದಲೇ ಗಟ್ಟಿಮಾಡಿಕೊಳ್ಳಬೇಕು. ಬಳಸಿದ ತುಂಡನ್ನು ತಕ್ಷಣ ತಣ್ಣೀರಿನಲ್ಲಿ ಜಾಲಿಸಿ, ಮಲವನ್ನು ಕಕ್ಕಸಿಗೆ ಬಿಡಿ. ಮೊದಲೇ ಬಿಸಿನೀರು ತಾಕಿದರೆ ಕಲೆ ಎಳೆಗಳೊಳಗೆ ಕೂತುಬಿಡುತ್ತದೆ. ಅನಂತರ ಮುಚ್ಚಳವಿರುವ ಬಕೆಟಿನಲ್ಲಿ ಹಾಕಿಟ್ಟು, ಎರಡು ದಿನಕ್ಕಿಂತ ಹೆಚ್ಚು ಕೂಡಿಡದೆ, ಮನೆಯವರ ಬಟ್ಟೆಗಳೊಂದಿಗೆ ಬೆರೆಸದೆ, ಸೋಪಿನ ಪುಡಿ ಹಾಕಿದ ಬಿಸಿನೀರಿನಲ್ಲಿ ಒಗೆಯಬೇಕು. ಯಂತ್ರವಿದ್ದರೆ 60 ಡಿಗ್ರಿಯಲ್ಲಿ ಹಾಕಿ. ಮೂರು ಬಾರಿ ಜಾಲಿಸಿದರೂ ಕೈಗೆ ಜಾರು ತಾಕಿದರೆ ಇನ್ನೊಂದು ಬಾರಿ ಜಾಲಿಸಿ, ಏಕೆಂದರೆ ಉಳಿದ ಸೋಪು ಮುಂದಿನ ಸಲ ಒದ್ದೆಯಾದಾಗ ಕೂಸಿನ ಮೈಗೇ ಸೇರುತ್ತದೆ. ಬಟ್ಟೆ ಮೃದುಗೊಳಿಸುವ ದ್ರಾವಣವನ್ನು ಬಳಸಬೇಡಿ. ಅದು ನೂಲಿನ ಮೇಲೆ ಪದರವಾಗಿ ನಿಂತು ಹೀರುವ ಗುಣವನ್ನೇ ಕೆಡಿಸುತ್ತದೆ. ವಾರಕ್ಕೊಮ್ಮೆ ಎಲ್ಲವನ್ನೂ, ಕೆಂಪಂಚಿನವನ್ನು ಬೇರೆ ಪಾತ್ರೆಯಲ್ಲಿ, ಹತ್ತು ನಿಮಿಷ ಕುದಿಸಿ.

ಮೈಸೂರಿನಲ್ಲಿ ಕಾವೇರಿ ನೀರು ಬರುವ ಮನೆಗಳಿಗೆ ಇಷ್ಟೇ ಸಾಕು. ಮಂಡ್ಯದ ಹೊರವಲಯದಲ್ಲಿರುವ ನಮ್ಮ ನಾದಿನಿಯ ಮನೆಯಲ್ಲಿ ಕೊಳವೆಬಾವಿಯ ಗಡಸು ನೀರು. ಅಲ್ಲಿ ಇವೇ ಬಟ್ಟೆಗಳು ಒಂದು ತಿಂಗಳಲ್ಲಿ ಹಪ್ಪಳದಂತಾದವು. ಗಡಸು ನೀರಿನಲ್ಲಿ ಸೋಪು ನೊರೆ ಕಟ್ಟುವ ಬದಲು ಬೂದು ಜಿಡ್ಡಾಗಿ ಎಳೆಗಳಿಗೆ ಹಿಡಿಯುತ್ತದೆ. ಅಂಟುವಾಳದ ಕಾಯಿಯನ್ನು ಕುದಿಸಿ ಸೋಸಿದ ನೀರಿಗೆ ಈ ತೊಂದರೆಯಿಲ್ಲ, ನಾದಿನಿ ಈಗ ಅದನ್ನೇ ಬಳಸುತ್ತಾರೆ. ಅದು ಕಣ್ಣಿಗೆ ತಾಕಿದರೆ ಉರಿಯುವುದರಿಂದ ಜಾಲಿಸುವಲ್ಲಿ ಮಾತ್ರ ಸಡಿಲ ಬಿಡಬಾರದು. ಆಗಲೇ ಬಿರುಸಾದ ಬಟ್ಟೆಯನ್ನು ಒಂದು ಬಕೆಟ್ ನೀರಿಗೆ ಕಾಲು ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ, ಮತ್ತೆ ಸಾದಾ ನೀರಿನಲ್ಲಿ ಜಾಲಿಸಿದರೆ ಬಹುಮಟ್ಟಿಗೆ ಮೆತ್ತಗಾಗುತ್ತದೆ.

ಒಣಗಿಸುವುದಕ್ಕೆ ಬಿಸಿಲಿಗಿಂತ ಒಳ್ಳೆಯದಿಲ್ಲ, ಹಳದಿ ಕಲೆಗಳೂ ಬಿಸಿಲಿಗೇ ಮಾಸುತ್ತವೆ. ಮಳೆಗಾಲದಲ್ಲಿ ನಮ್ಮ ಅತ್ತೆಯವರು ಕೆಂಡದ ಮೇಲೆ ಬಿದಿರ ಬುಟ್ಟಿಯನ್ನು ಬೋರಲು ಹಾಕಿ, ಸಾಂಬ್ರಾಣಿ ಹಾಕಿ, ಅದರ ಮೇಲೆ ಕೂಸಿನ ಬಟ್ಟೆಗಳನ್ನು ಹರವುತ್ತಿದ್ದರು. ಆ ಪರಿಮಳ ನನಗೆ ಇಂದಿಗೂ ಇಷ್ಟ, ಆದರೆ ಹೊಗೆ ಕೂಸಿನ ಎಳೆಯ ಶ್ವಾಸಕೋಶಕ್ಕೆ ಒಳ್ಳೆಯದಲ್ಲವೆಂಬುದು ಗೊತ್ತಾದ ಮೇಲೆ ಬುಟ್ಟಿಯನ್ನು ಅಟ್ಟಕ್ಕೇರಿಸಿದ್ದೇನೆ. ಫ್ಯಾನಿನ ಕೆಳಗೆ ಆರಿಸಿ, ಕೊನೆಗೆ ಬಿಸಿ ಇಸ್ತ್ರಿ ಹಾಯಿಸಿದರೆ ಉಳಿದ ತೇವವೂ ಹೋಗುತ್ತದೆ. ಸ್ವಲ್ಪವೇ ತಣ್ಣಗೆ ತಾಕಿದರೂ ಡಬ್ಬಿಗೆ ಹಾಕಬೇಡಿ. ಒಂದು ಹಸಿ ತುಂಡು ಇಡೀ ಡಬ್ಬಿಯನ್ನು ಮುಗ್ಗಿಸುತ್ತದೆ.

ಹೊರಗೆ ಹೋಗುವಾಗಲೂ ಇದೇ ಕ್ರಮ ನಡೆಯುತ್ತದೆ. ಮಂಡ್ಯದಿಂದ ಮೈಸೂರಿಗೆ ಬಸ್ಸಿನಲ್ಲಿ ಬರುವ ದಿನ ಮಗಳು ಎಂಟು ಒಣ ತುಂಡುಗಳು, ಒಂದು ಚಿಕ್ಕ ಬಾಟಲಿ ಕುದಿಸಿ ಆರಿಸಿದ ನೀರು, ಬಳಸಿದವುಗಳಿಗೆ ಜಿಪ್ ಇರುವ ಒಂದು ರಬ್ಬರ್ ಬಟ್ಟೆಯ ಚೀಲ ಇಟ್ಟುಕೊಳ್ಳುತ್ತಾಳೆ. ನೀರು ಸುರಿದುಕೊಳ್ಳಲು ಕೈ ಬಿಡುವಿಲ್ಲದಂಥ ಪ್ರಯಾಣವಾದರೆ ಹೊರಡುವಾಗಲೇ ನಾಲ್ಕೈದು ತುಂಡುಗಳನ್ನು ಒದ್ದೆ ಮಾಡಿ ಹಿಂಡಿ, ಕುದಿನೀರಿನಲ್ಲಿ ತೊಳೆದ ಸ್ಟೀಲ್ ಡಬ್ಬಿಯಲ್ಲಿ ಒಯ್ಯಬಹುದು. ಸಂಜೆಯೊಳಗೆ ಮುಗಿಯದೆ ಉಳಿದವನ್ನು ಬಳಸದೆ ಒಗೆಯಲು ಹಾಕಬೇಕು. ದೂರದ ಮದುವೆ, ರಾತ್ರಿಯ ರೈಲು ಇಂಥ ಸಂದರ್ಭಗಳಿಗೆ ಸುವಾಸನೆಯಿಲ್ಲದ ಅಂಗಡಿಯ ವೈಪ್ಸ್ ಒಂದು ಪೊಟ್ಟಣ ಮನೆಯಲ್ಲಿರಲಿ, ಅದಕ್ಕೆ ನನ್ನ ಆಕ್ಷೇಪವಿಲ್ಲ. ಅವುಗಳಲ್ಲಿ ಹಲವು ಪ್ಲಾಸ್ಟಿಕ್ ನೂಲು ಬೆರೆತವಾದ್ದರಿಂದ ಕಕ್ಕಸಿಗೆ ಹಾಕಿ ನೀರು ಬಿಟ್ಟರೆ ಒಳಚರಂಡಿ ಕಟ್ಟಿಕೊಳ್ಳುತ್ತದೆ. ಕಾಗದದಲ್ಲಿ ಸುತ್ತಿ, ಹಸಿ ಕಸ ಒಣ ಕಸ ಎರಡಕ್ಕೂ ಸೇರಿಸದೆ, ಬೆಳಗ್ಗೆ ಬರುವ ಪೌರಕಾರ್ಮಿಕರಿಗೆ ಬೇರೆಯಾಗಿ ಕೊಡಿ.

ನಮ್ಮ ಮೊದಲ 30 ತುಂಡುಗಳು ಈಗ ಹದಿನಾಲ್ಕು ತಿಂಗಳು ದುಡಿದಿವೆ. ಬೆಳಕಿಗೆ ಹಿಡಿದಾಗ ಜರಡಿಯಂತೆ ಕಾಣುವುದಕ್ಕೆ ಶುರುವಾದವನ್ನು ತೆಗೆದುಬಿಡುತ್ತಿದ್ದೇನೆ. ಯಜಮಾನರು ಅವುಗಳಿಂದ ಸ್ಕೂಟರ್ ಒರೆಸುತ್ತಾರೆ, ತಮ್ಮದೇ ಪಂಚೆಯೆಂದು ಅವರಿಗೆ ಇನ್ನೂ ಗುರುತು ಸಿಕ್ಕಿಲ್ಲ.